ಮುರ್ತುಜಾ ಸಾಹೇಬರ ಕಿವಿ

ಚಳ್ಳಕೆರೆಯ ಮೆಕ್ಯಾನಿಕ್ ಮುರ್ತುಜಾ ಸಾಹೇಬರು ಗಾಡಿಯನ್ನು ಮುಟ್ಟುವ ಮೊದಲು ಆಲಿಸುತ್ತಾರೆ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದರೆಂದರೆ ಡಾಕ್ಟರೂ ಕೈಕಟ್ಟಿ ನಿಲ್ಲಬೇಕು. ಮೈಲಿಗಟ್ಟಲೆ ಆಚೆಯ ತಳಕು ಊರಿನಲ್ಲಿ ಕೆಮ್ಮಿದ ಲಾರಿಯ ಕಾಯಿಲೆಯನ್ನು ಇಲ್ಲಿ ಕೂತೇ ಹೇಳಿದರೆಂಬ ಕೀರ್ತಿಯೂ ಉಂಟು. ಅಂಥವರು ಈಚೆಗೆ ಸದ್ದೇ ಮಾಡದ ಹೈಬ್ರಿಡ್ ಕಾರಿನ ಭಕ್ತರಾಗಿದ್ದಾರೆ. ವಿಳಾಸ ಕೇಳಲು ಬಂದವರಿಗೂ ಪಾಠ ತಪ್ಪದು: “ಊರೊಳಗೆ ನಿಧಾನಕ್ಕೆ ಹೋಗುವಾಗ ಬ್ಯಾಟರಿ ಎಳೀತೈತೆ. ಜಟಿಂಗ ರಾಮೇಶ್ವರದ ಬೆಟ್ಟದ ಏರು ಬಂತೋ, ಇಂಜಿನ್ನು ಹೆಗಲು ಕೊಡ್ತೈತೆ. ಬ್ರೇಕ್ ಒತ್ತಿದ್ರೆ ಬ್ಯಾಟರಿಗೆ ಊಟ, ತಾನೇ ಚಾರ್ಜ್ ಆಗ್ತೈತೆ. ಪೆಟ್ರೋಲೂ ಉಳೀತೈತೆ.” “ಹಂಗಾದ್ರೆ ಬ್ರೇಕ್ ಒತ್ಕೊಂಡೇ ಮೊಳಕಾಲ್ಮೂರಿಗೆ ಹೋಗ್ಬಹುದಾ ಸಾಬ್ರೆ?” ಎಂದು ದಿನಾ ಅಂಗಡಿಗೆ ಬಂದು ಕೂರುವ ಜಂಪಣ್ಣ ಕೆಣಕಿದರೆ, “ನಿನ್ ಬಾಯಿಗೊಂದು ಬ್ರೇಕ್ ಹಾಕಿದ್ರೆ ಊರಿಗೆಲ್ಲ ಕರೆಂಟು ಕೊಡಬಹುದು ಕಣಲೇ” ಎನ್ನುತ್ತಾರೆ. ಆ ಜಂಪಣ್ಣನೇ ಮೊನ್ನೆ ಒಂದು ಹೈಬ್ರಿಡ್ ಕಾರು ತಂದು, “ಬ್ರೇಕ್ ಒತ್ತಿದಾಗ ಸಣ್ಣಗೆ ಕಿರ್ ಅಂತೈತೆ, ಎಲ್ಲಿ ಅಂತ ಕೇಳಿ ಹೇಳ್ರಿ” ಎಂದು ಅಂಗಡಿಯ ಮುಂದೆ ಎರಡು ಸುತ್ತು ಓಡಿಸಿ ನಿಲ್ಲಿಸಿದ. ಎರಡು ವರ್ಷದಿಂದ ಸಣ್ಣ ಸದ್ದುಗಳು ಸಾಹೇಬರ ಕಿವಿಯವರೆಗೆ ಬರುತ್ತಿಲ್ಲ. ಅದು ಗೊತ್ತಿರುವುದು ಹೆಂಡತಿ ಕುಲ್ಸುಮ್ ಬೀ ಅವರಿಗೆ ಮಾತ್ರ. ಚಹಾ ತಂದು ಬಾಗಿಲಲ್ಲಿ ಕಾರಿನ ಸದ್ದು ಆಲಿಸುತ್ತ ನಿಂತಿದ್ದ ಅವರು, ಬಂದು ಗಂಡನ ಲೋಟವನ್ನು ಕಾರಿನ ಎಡಗಡೆಯ ಮುಂದಿನ ಚಕ್ರದ ಪಕ್ಕಕ್ಕಿಟ್ಟರು. ಸಾಹೇಬರು ಶಾಸ್ತ್ರಕ್ಕೆ ಸ್ಕ್ರೂಡ್ರೈವರನ್ನು ಕಿವಿಗಿಟ್ಟು, “ಎಡಗಡೆ, ಮುಂದಿನ ಚಕ್ರ” ಎಂದರು. “ಏನ್ ಕಿವಿ ಸಾಬ್ರೆ ನಿಮ್ದು” ಎಂದ ಜಂಪಣ್ಣ. ಸದ್ದಿಲ್ಲದೆ ಒಳಗೆ ಹೋಗುತ್ತಿದ್ದ ಹೆಂಡತಿಯನ್ನೇ ನೋಡುತ್ತ ಸಾಹೇಬರು ಲೋಟ ಎತ್ತಿಕೊಂಡರು: “ಎಳೆಯೋದು ಬ್ಯಾಟರಿ ಕಣಲೇ, ಹೆಸರು ಇಂಜಿನ್ನಿಗೆ.”