ಗಂಗವ್ವ ತುಂಬಿದ ಉಡಿ

ಆಗಿನ ಬೇಸಿಗೆಗಳಲ್ಲಿ ಬನಹಟ್ಟಿಯ ನಮ್ಮ ಓಣಿಗೆ ಎರಡೇ ವಾಸನೆ: ನೂಲಿಗೆ ಹಚ್ಚುವ ಗಂಜಿಯದೊಂದು, ಮಾಳಿಗೆಯ ಮೇಲೆ ಒಣಗುವ ಶಾವಿಗೆಯದೊಂದು. ಮಗ್ಗದ ಸದ್ದು ನಮ್ಮ ಕಿವಿಗೆ ಸದ್ದೇ ಆಗಿರಲಿಲ್ಲ. ಕರೆಂಟು ಹೋಗಿ ಅದು ನಿಂತಾಗ ಮಾತ್ರ ಎಲ್ಲರೂ ಏನಾಯಿತೆಂದು ಹೊರಗೆ ಬರುತ್ತಿದ್ದರು. ಆ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಗೋಡೆಗೆ ಗೋಡೆ ಹಚ್ಚಿ ನೇಕಾರರ ಗಂಗವ್ವನ ಮನೆ. ಆಕೆಯ ಮಗಳು ಮಾದೇವಿ ನನ್ನ ವಾರಿಗೆಯವಳು. ಕಾನ್ವೆಂಟಿಗೆ ರಜೆ ಬಿಟ್ಟರೆ ಸಾಕು, ನಾವಿಬ್ಬರೂ ಅವರ ಪಡಸಾಲೆಯಲ್ಲಿ ಗಜಗ ಆಡುತ್ತ, ಶಾವಿಗೆಗೆ ನಾದಿಟ್ಟ ಹಸಿ ಹಿಟ್ಟನ್ನು ಚಿವುಟಿ ತಿಂದು ಬೈಸಿಕೊಳ್ಳುತ್ತ ಇರುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಮಾದೇವಿಗೆ ವಿಷಮಶೀತ ಜ್ವರ ಬಂತು. ಜಮಖಂಡಿಯ ದವಾಖಾನೆಗೆ ಒಯ್ದರು. ಅವ್ವ ದಿನಾ ಡಬ್ಬಿಯಲ್ಲಿ ತಿಳಿಗಂಜಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದಳು. ಕೆಲವು ಸಲ ನಾನೂ ಹೋದೆ. ಮಾದೇವಿ ಕಣ್ಣು ಬಿಡುತ್ತಿರಲಿಲ್ಲ. ತುಟಿ ಒಡೆದು ಕಪ್ಪಾಗಿತ್ತು. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಅವಳ ಹಣೆಯ ಮೇಲೆ ಕೈಯಿಟ್ಟು, ಪಕ್ಕದವರಿಗೂ ಕೇಳದ ದನಿಯಲ್ಲಿ ಪ್ರಾರ್ಥಿಸುತ್ತಿದ್ದಳು. ಕಾಲಬಳಿ ಗಂಗವ್ವ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ಅವ್ವ ‘ಆಮೆನ್’ ಎಂದು ಕೈ ತೆಗೆಯುವಷ್ಟರಲ್ಲಿ ಮಾದೇವಿ ಕಣ್ಣು ತೆರೆದು, "ಹಸಿವ್ಯಾಗೈತಿ ಬೇ ಯವ್ವಾ," ಎಂದಳು.

ಅವರು ಊರಿಗೆ ಮರಳುವ ಮೊದಲೇ ಸುದ್ದಿ ಮರಳಿತ್ತು. "ಸುಶೀಲಾಬಾಯಿ ಕೈ ಇಟ್ಟರ ಸಾಕಂತ, ಜ್ವರ ಇಳೀತೈತಂತ!" ತೇರದಾಳದಿಂದ ಒಬ್ಬಾಕೆ ಕೂಸನ್ನು ಎತ್ತಿಕೊಂಡು ಬಂದೇಬಿಟ್ಟಳು. ಅವ್ವ ಆ ಕೂಸಿಗಾಗಿ ಪ್ರಾರ್ಥಿಸಿದಳು, ಆಮೇಲೆ ತಾನೇ ಡಾಕ್ಟರ ಬಳಿಗೂ ಕರೆದೊಯ್ದಳು. ನನಗಂತೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಳದ ಹತ್ತಿರ ಹೆಂಗಸರು ನನ್ನ ಕೊಡವನ್ನು ಮುಂದೆ ಬಿಡುತ್ತಿದ್ದರು: "ಸರೀರೆವ್ವಾ, ಸುಶೀಲಾಬಾಯಿ ಮಗಳು ಬಂತು."

ಒಂದು ಸಂಜೆ ಗಂಗವ್ವ ಬಂದಳು. ಮೊದಲೆಲ್ಲ "ಏ ಸುಶೀಲಾ" ಎನ್ನುತ್ತ ನೇರ ಅಡುಗೆಮನೆಗೆ ನುಗ್ಗುತ್ತಿದ್ದವಳು ಅಂದು ಹೊಸ್ತಿಲಲ್ಲೇ ನಿಂತಳು.

"ಬಾಯಾರ, ಸೋಮವಾರ ಮನಿಗಿ ಬರಬೇಕ್ರಿ. ನಿಮ್ಮನ್ನ ಮಣಿ ಮ್ಯಾಲ ಕೂಡಿಸಿ ಕಾಲ ತೊಳದು ಉಡಿ ತುಂಬತೀನಿ. ಓಣಿ ಮಂದಿ ಎಲ್ಲಾ ನಿಮ್ಮ ಕಾಲಿಗಿ ಬೀಳಬೇಕಂತಾರ."

ಅವ್ವ ಗಾಬರಿಯಾದಳು. "ಗಂಗಕ್ಕಾ, ಇದೇನ? ನನಗಿಂತ ದೊಡ್ಡಾಕಿ ನೀ. ಕಾಲ ಗೀಲ ಬ್ಯಾಡ ನಮ್ಮವ್ವಾ."

"ಯಾಕ್ರಿ, ನಮ್ಮ ಉಡಿ ನಿಮಗ ನಡಿಯಂಗಿಲ್ಲೇನು? ನಿಮ್ಮ ದೇವರು ಬ್ಯಾರೆ ಅಂತನ?"

ಗಂಗವ್ವನ ಕಣ್ಣು ತುಂಬಿತ್ತು. ಚಹಾ ಕೂಡ ಕುಡಿಯದೆ ಹೋದಳು. ಅಪ್ಪ, "ಅವರ ಸಮಾಧಾನಕ್ಕ ಹೋಗಿ ಒಂದ ಗಳಿಗಿ ಕುಂತು ಬಾ," ಎಂದರು.

"ಕುಂತರ ದೇವರಿಗಿ ಸಲ್ಲೂದನ್ನ ನಾ ಕದ್ದಂಗ ಆಕ್ಕೈತ್ರಿ. ಹೋಗದಿದ್ದರ ಗಂಗಕ್ಕನ ಮನಸ ಮುರೀತೈತಿ. ನಾಳಿ ತೇರದಾಳದ ಕೂಸಿಗಿ ಆರಾಮ ಆಗಲಿಲ್ಲ ಅಂದ್ರ ಅದೂ ನನ್ನ ಕೈಯಿಂದನ ಅನ್ನೂದೇನ್ರಿ?"

"ಹೋಗ ಬೇ ಯವ್ವಾ! ಆರತಿ ಮಾಡ್ತಾರ!" ಎಂದೆ ನಾನು.

"ಉತ್ತತ್ತಿ ತಿನ್ನೂ ಆಸೆ ನಿನಗ. ಸುಮ್ಮ ಕೂಡು."

ಆ ಮೂರ್ನಾಲ್ಕು ದಿನ ಅವ್ವ ಅನ್ನಕ್ಕೆ ಉಪ್ಪು ಹಾಕುವುದನ್ನೂ ಮರೆತಳು. ಗೋಡೆಯಾಚೆಯಿಂದ ಯಾರೂ ಮೊಸರಿನ ಹೆಪ್ಪು ಕೇಳಿಕೊಂಡು ಬರಲಿಲ್ಲ.

ಸೋಮವಾರ ಅವ್ವ ಹೊರಟಳು. ಏನು ಮಾಡುತ್ತಾಳೆಂದು ಅಪ್ಪನಿಗೂ ಹೇಳಿರಲಿಲ್ಲ. ಗಂಗವ್ವನ ಪಡಸಾಲೆಯಲ್ಲಿ ರಂಗೋಲಿಯ ನಡುವೆ ಮಣೆ, ಪಕ್ಕದಲ್ಲಿ ತಂಬಿಗೆ ನೀರು, ತಾಟಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಮೇಲೆ ತಮ್ಮದೇ ಮಗ್ಗದಲ್ಲಿ ನೇಯ್ದ ಹಸಿರು ಸೀರೆ. ಓಣಿಯ ಹೆಂಗಸರೆಲ್ಲ ಗೋಡೆಗುಂಟ ಕೂತಿದ್ದರು. ಅವ್ವ ಮಣೆಯ ಮುಂದೆ ಒಂದು ಕ್ಷಣ ನಿಂತಳು. ಆಮೇಲೆ ಕಂಬಕ್ಕೆ ಒರಗಿ ಕೂತಿದ್ದ ಮಾದೇವಿಯನ್ನು ಎತ್ತಿ ತಂದು ಅದರ ಮೇಲೆ ಕೂರಿಸಿದಳು.

"ಗಂಗಕ್ಕಾ, ದೇವರ ಕೆಲಸ ಇಲ್ಲಿ ಕುಂತೈತಿ ನೋಡು. ಇದರ ಉಡಿ ತುಂಬೂಣು. ನೀನೂ ತುಂಬು, ನಾನೂ ತುಂಬತೀನಿ. ನಾ ಬರೇ ಬೇಡಿಕೊಂಡಾಕಿ, ಕೊಟ್ಟಾಂವ ಅಂವ."

ಗಂಗವ್ವನ ಕೈಯಲ್ಲಿ ತಂಬಿಗೆ ಹಾಗೇ ನಿಂತಿತ್ತು. ಅಷ್ಟರಲ್ಲಿ ಮಾದೇವಿ ತಾಟಿಗೆ ಕೈಹಾಕಿ ಕೊಬ್ಬರಿಯನ್ನು ಬಾಯಿಗಿಟ್ಟಳು.

"ಏ ಹಿಡೀರಿ ಆಕಿನ್ನ! ಡಾಕ್ಟರು ಗಂಜಿ ಬಿಟ್ಟರ ಏನೂ ಬ್ಯಾಡಂದಾರ!" ಎಂದು ಮೂಲೆಯ ಮುದುಕಿಯೊಬ್ಬಳು ಕೂಗಿದಳು. ಇಡೀ ಪಡಸಾಲೆ ನಕ್ಕಿತು. ಗಂಗವ್ವ ನಗುತ್ತಲೇ ಅತ್ತಳು, ಅಳುತ್ತಲೇ ಮಗಳ ಲಂಗದ ಮಡಿಲಿಗೆ ಬೊಗಸೆ ಅಕ್ಕಿ ಸುರಿದಳು.

"ಆ ಡಾಕ್ಟರಿಗೂ ಒಂದ ಕಾಯಿ ಕಳಸು ಮತ್ತ," ಎಂದಳು ಅವ್ವ. "ದೇವರು ಅವರ ಕೈಲೆನ ಮಾಡಿಸ್ಯಾನ."

"ಎಲ್ಲಾರಿಗೂ ಹಂಚಿದ್ರಿ. ಈ ಸೀರಿ ಏನ ಮಾಡ್ಲಿರಿ? ನಿಮಗಂತ ನೇಯ್ಸೀನಿ."

"ತಂಗಿಗಿ ಅಂತ ಕೊಟ್ಟರ ಸಂತೋಷಲೆ ಉಡತೀನಿ. ದೇವರಿಗಿ ಅಂತ ಬ್ಯಾಡ. ಈ ‘ರೀ’ ಒಂದ ಬಿಡು ಮೊದಲ."

"ತಗೋ ಸುಶೀಲಾ, ತಗೋ. ಹಟಮಾರಿ ಅದಿ ನೋಡು ನೀ!" ಗಂಗವ್ವ ಸೀರೆಯನ್ನು ಅವ್ವನ ಎದೆಗೆ ಒತ್ತಿಯೇ ಕೊಟ್ಟಳು.

ಭಾನುವಾರ ಅವ್ವ ಅದನ್ನೇ ಉಟ್ಟು ಚರ್ಚಿಗೆ ಬಂದಳು. ದೇವರು ಮಾಡಿದ ಒಳಿತನ್ನು ಸಭೆಯ ಮುಂದೆ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತು ಡಾಕ್ಟರ ಔಷಧಿ ಹೇಳಿದಳು, ಗಂಗವ್ವ ನಿದ್ದೆಗೆಟ್ಟು ಕಾದದ್ದನ್ನು ಹೇಳಿದಳು, ಎಲ್ಲಕ್ಕೂ ದೇವರಿಗೆ ಸ್ತೋತ್ರ ಎಂದು ಕೂತಳು. ಬಸ್ಸು, ಗಂಜಿ, ಹಣೆಯ ಮೇಲಿನ ಕೈ, ಒಂದರ ಸುದ್ದಿಯೂ ಇಲ್ಲ. ಬೆಂಚಿನಲ್ಲಿ ನನಗೆ ಸಿಟ್ಟೇ ಬಂದಿತ್ತು. ನಳದ ಹತ್ತಿರವೂ ನನ್ನ ಕೊಡ ತನ್ನ ಸರದಿಗೆ ಮರಳಿತು. ಆ ಹೆಂಗಸಿನ ಮಗಳಾಗಿ ಹುಟ್ಟಿದ್ದಕ್ಕೆ ಎಷ್ಟು ಹೆಮ್ಮೆಪಡಬೇಕೆಂದು ತಿಳಿಯಲು ನಾನೂ ಒಂದು ಸಂಸಾರ ನಡೆಸಬೇಕಾಯಿತು.

ಈಗ ನಾನಿರುವುದು ಜಮಖಂಡಿಯಲ್ಲಿ. ಪ್ರಾರ್ಥನಾ ಕೂಟಗಳ ಬ್ಯಾನರಿನಲ್ಲಿ ಪ್ರಾರ್ಥಿಸುವವರ ಮುಖವೇ ಶಿಲುಬೆಗಿಂತ ದೊಡ್ಡದಾಗಿರುತ್ತದೆ. ರೋಗಿಯ ಹಾಸಿಗೆಯ ಪಕ್ಕದ ಫೋಟೊ ಸಂಜೆಯೊಳಗೆ ಎಲ್ಲರ ಮೊಬೈಲಿಗೆ ಬಂದಿರುತ್ತದೆ. ಬನಹಟ್ಟಿಯ ಆ ಎರಡು ಮನೆಗಳ ನಡುವೆ ಈಗ ಗೇಟು, ಕಾಂಪೌಂಡು.

ಹೋದ ವರ್ಷ ಅವ್ವ ತೀರಿಕೊಂಡಳು. ಮಣ್ಣು ಕೊಟ್ಟ ಮೇಲೆ ಚರ್ಚಿನ ಸಭಾಪಾಲಕರು, ಯಾರಾದರೂ ಎರಡು ಮಾತು ಆಡುತ್ತೀರಾ ಎಂದು ಕೇಳಿದರು. ಮುಪ್ಪಾದ ಗಂಗವ್ವ ಮಾದೇವಿಯ ಹೆಗಲು ಹಿಡಿದು ಮುಂದೆ ಬಂದಳು.

"ಜೀವ ಇರೂತನಾ ಆಕಿ ತನ್ನನ್ನ ಒಮ್ಮೆನೂ ಹೊಗಳಗೊಡಲಿಲ್ರಿ. ಬಾಯಿ ತೆಗದರ ಮ್ಯಾಲ ಕೈ ತೋರಸಾಕಿ. ಇವತ್ತ ಹೇಳತೀನಿ. ಯಾರ ತಡೀತಾರ ನೋಡೂಣು."

ಹೇಳಿದಳು. ಉಸಿರು ಸಿಕ್ಕಿಕೊಂಡರೂ ಬಿಡದೆ, ಒಂದೊಂದನ್ನೇ ಹೇಳಿದಳು. ಯಾರೂ ತಡೆಯಲಿಲ್ಲ.