ಚರಗ ಒಲ್ಲದ ಗಿಡ

ಈ ಸಲ ಎಳ್ಳ ಅಮಾವಾಸ್ಯೆಯ ದಿನ ಮಾಳಿಗೆಯ ಮೇಲೆ ಹಬ್ಬದಡುಗೆಯ ಚರಗ ಹಾಕುವಾಗ ನೀವಿಬ್ಬರೂ ನನ್ನ ಸೆರಗು ಹಿಡಿದು ಕೇಳಿದಿರಿ: "ಅಜ್ಜಿ, ಎಲ್ಲಾ ಕುಂಡಕ್ಕೂ ಚರಗ ಹಾಕಿದಿ, ಆ ಊಟಿ ಗಿಡಕ್ಕೊಂದಕ್ಕ ಯಾಕ ಹಾಕ್ಲಿಲ್ಲ? ಅದರ ಮ್ಯಾಲ ಸಿಟ್ಟೇನು?" ಬಾಯಿಬಿಟ್ಟು ಹೇಳುವುದು ನನಗೆ ಬರದು. ಮೊದಲಿಂದಲೂ ನಾನು ಹಾಗೆಯೇ. ಊರ ಸಾಲೆಯಲ್ಲಿ ಕಲಿತ ಅಕ್ಷರ ಇವೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ನಾನು ಗುಂಜಹಳ್ಳಿಯಿಂದ ರಾಯಚೂರಿಗೆ, ನಿಮ್ಮ ಮನೆಗೆ ಬಂದೆ. ನೀವಿನ್ನೂ ಸಣ್ಣವರು. ನಿಮ್ಮ ಅವ್ವ ಆಗಲೂ ಮಾನ್ವಿಯ ಸಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ನಾನು ಕಸಬರಿಗೆ ಹಿಡಿದರೆ "ಇಡ್ರಿ ಅತ್ತಿ", ಪಾತ್ರೆ ಹಿಡಿದರೆ "ಬಿಡ್ರಿ ಅತ್ತಿ, ಸುಮ್ನ ಕೂಡ್ರಿ" ಅನ್ನುವಳು. ಅದು ಮರ್ಯಾದೆಯೋ, ನನ್ನ ಕೆಲಸ ಅವಳಿಗೆ ಸೇರದೋ ಗೊತ್ತಾಗುತ್ತಿರಲಿಲ್ಲ. ಕೇಳಲು ನಾಚಿಕೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು ಕೂಡುತ್ತಿದ್ದೆ.

ಹೋದ ವರ್ಷ ಅವಳು ಸಾಲೆಯ ಟೀಚರುಗಳ ಜೊತೆ ಊಟಿಗೆ ಹೋಗಿ ಪ್ರೋಟಿಯಾ ಅನ್ನುವ ಗಿಡ ತಂದಳು. ಎಲೆ ಚರ್ಮದಂತೆ ಗಟ್ಟಿ. ಅದರ ಹೂವನ್ನು ಮೊಬೈಲಿನಲ್ಲಿ ತೋರಿಸಿದಳು. ಮೆಕ್ಕೆಜೋಳದ ತೆನೆಯ ಸಿಪ್ಪೆಯ ಹಾಗೆ ಒಂದರ ಮೇಲೊಂದು ಗುಲಾಬಿ ಎಸಳು, ನಡುವೆ ಬಿಳಿ ಕೂದಲು. "ನನಗ ಬಸ್ಸಿನ ಗಡಿಬಿಡಿ. ಇದನ್ನ ನೀವ ನೋಡ್ಕೊಳ್ರಿ ಅತ್ತಿ" ಅಂದಳು. ಈ ಮನೆಯಲ್ಲಿ ನನ್ನ ಕೈಗೆ ಬಂದ ಮೊದಲ ಕೆಲಸ ಅದು. ಇದು ಕೆಟ್ಟರೆ ಇನ್ನೊಂದು ಬರುವುದಿಲ್ಲ ಅನ್ನಿಸಿತು.

ಎಳ್ಳ ಅಮಾವಾಸ್ಯೆ ಬಂತು. ಹೊಲದಲ್ಲಿ ನಿಮ್ಮ ತಾತ ಮುಂದೆ ಕೂಗುತ್ತ ಚರಗ ಚೆಲ್ಲಿದರೆ ನಾನು ಹಿಂದೆ ನೀರು ಚಿಮುಕಿಸುತ್ತ ಹೋಗುತ್ತಿದ್ದೆ. ಭೂಮಿತಾಯಿ ಬಸುರಿ, ಅವಳಿಗೆ ಉಣಿಸಬೇಕು ಅಂತ. ಇಲ್ಲಿ ಹೊಲ ಎಲ್ಲಿ? ಸಜ್ಜೆ ರೊಟ್ಟಿ, ಕಡುಬು, ಪುಂಡಿ ಪಲ್ಯ ಕಲಸಿ ಕುಂಡಗಳಿಗೇ ಹಾಕಿದೆ. ಪ್ರೋಟಿಯಾಕ್ಕೆ ಒಂದು ಹಿಡಿ ಹೆಚ್ಚು. ಮಣ್ಣು ಬಡಕಲು ಕಂಡಿತೆಂದು ಮೇಲೆ ಗುಂಜಹಳ್ಳಿಯ ಎರೆಮಣ್ಣು, ಸೆಗಣಿ ಗೊಬ್ಬರ, ಒಲೆಯ ಬೂದಿ ಕೂಡ ಹಾಕಿ ಮುಚ್ಚಿದೆ.

ಸ್ವಲ್ಪ ದಿನಕ್ಕೆ ಎಲೆ ಹಳದಿಯಾಯಿತು. ಹಸಿದಿದೆ ಎಂದು ಮತ್ತಷ್ಟು ಗೊಬ್ಬರ ಕೊಟ್ಟೆ. ಎಲೆಯ ಅಂಚು ಸುಟ್ಟಂತೆ ಕರ‍್ರಗಾಯಿತು. ನನಗೆ ದಿಕ್ಕೇ ತೋಚಲಿಲ್ಲ. ಮಲ್ಲಿಗೆ ಅದನ್ನೇ ಉಂಡು ಚಿಗುರಿದೆ, ಬದನೆ ಚಿಗುರಿದೆ. ಇದೇಕೆ ಹೀಗೆ?

ಬಜಾರಿನಲ್ಲಿ ಬಳೆ ಅಂಗಡಿಯಿರುವ ಪಕ್ಕದ ಮನೆಯ ಬೀಬಿ ತನ್ನ ಮಾಳಿಗೆಯಿಂದ ಬಗ್ಗಿ ನೋಡಿದಳು. "ಅಕ್ಕಾ, ನಿನ್ನ ಸೊಸಿ ಜಿಂದಾ ಗಿಡ ತಂದಾಳೋ, ಪ್ಲಾಸ್ಟಿಕ್ಕಿಂದು ತಂದಾಳೋ? ನೀರ ಕಮ್ಮಿ ಆಗ್ಯಾದ ನೋಡು."

ನೀರು ಹೆಚ್ಚಿಸಿದೆ. ಎರಡು ಕೊಂಬೆ ಬಾಗಿದವು.

ರವಿವಾರ ನಿಮ್ಮ ಅವ್ವ ಮಾಳಿಗೆಗೆ ಬಂದು ನಿಂತಳು. ನಾನು ಕುಂಡಕ್ಕೆ ಅಡ್ಡ ನಿಂತೆ. ಬೀಬಿಯೇ ಆ ಕಡೆಯಿಂದ ಹೇಳಿಬಿಟ್ಟಳು: "ಟೀಚರಮ್ಮಾ, ನಿಮ್ಮತ್ತಿ ಏನೂ ಕಮ್ಮಿ ಮಾಡಿಲ್ರಿ! ದಾವತ್ತೇ ಕೊಟ್ಟಾಳ!"

ನಿಮ್ಮ ಅವ್ವ ಮಣ್ಣು ಕೆದರಿದಳು. ಕಡುಬಿನ ತುಂಡು ಸಿಕ್ಕಿತು. ಅದನ್ನು ಬೆರಳಲ್ಲಿ ಹಿಡಿದು ನನ್ನ ಕಡೆ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. ಊಟಿಯ ನರ್ಸರಿಗೆ ಫೋನು ಹಚ್ಚಿ ಕೇಳಿದಳು. ಈ ಗಿಡಕ್ಕೆ ಗೊಬ್ಬರ, ಬೂದಿ, ಎರೆಮಣ್ಣು ಯಾವುದೂ ಆಗದಂತೆ. ಬಡ ಮಣ್ಣಿನಲ್ಲಿ ತನಗೆ ಬೇಕಾದದ್ದನ್ನು ಅದರ ಬೇರುಗಳೇ ಹುಡುಕಿಕೊಳ್ಳುತ್ತವಂತೆ. ಉಣಿಸಿದರೆ ಗಿಡ ಸುಟ್ಟುಹೋಗುತ್ತದಂತೆ.

"ಉಂಡ್ರ ಸಾಯೂ ಜೀವ ಇರ್ತದೇನವ್ವಾ?" ಅಂದೆ. ಅವಳೆದುರು ನಾನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

"ನನಗೂ ಈಗ ಗೊತ್ತಾತ್ರಿ ಅತ್ತಿ. ಏನೂ ಕೇಳದ ತಂದಿಟ್ಟಾಕಿ ನಾನು" ಅಂದು ನಕ್ಕಳು.

ಅವಳ ತವರು ದೇವದುರ್ಗ ಕಡೆಯ ಗೂಗಲ್ ಅನ್ನುವ ಹೊಳೆದಂಡೆಯ ಊರು. ಅಲ್ಲಿಂದ ಹೊಳೆಯ ಮರಳು ತರಿಸಿದಳು. ಮಾನ್ವಿಯಾಚೆಯ ಪೋತ್ನಾಳದ ತನಕ ಬಸ್ಸಿನಲ್ಲಿ ಹೋಗಿ ಒಂದು ಚೀಲ ಭತ್ತದ ಹೊಟ್ಟು ತಂದಳು. ಸೀರೆಯ ತುಂಬ ಹೊಟ್ಟು ಅಂಟಿಸಿಕೊಂಡು ಬಂದದ್ದನ್ನು ನೋಡಿ ನಿಮ್ಮ ಅಪ್ಪ ನಕ್ಕದ್ದೇ ನಕ್ಕದ್ದು. ಇಬ್ಬರೂ ಕೂತು ಬೇರಿಗೆ ಅಂಟಿದ ಎರೆಮಣ್ಣು ಬಿಡಿಸಿ, ಗಿಡವನ್ನು ಮರಳು, ಹೊಟ್ಟಿನಲ್ಲಿ ಮತ್ತೆ ನೆಟ್ಟೆವು. ನಾನು ಕೈ ಹಿಂದೆಗೆದರೆ "ನೀವ ಹಿಡೀರಿ, ನನಗ ಬರಂಗಿಲ್ಲ" ಅಂದಳು. ಬಾಗಿದ ಕೊಂಬೆಗಳು ಒಣಗಿಹೋದವು. ಉಳಿದದ್ದು ಬದುಕಿತು.

ಈ ಸಲ ಚರಗದ ಬುಟ್ಟಿ ಹಿಡಿದು ಅದರ ಮುಂದೆ ಬಹಳ ಹೊತ್ತು ನಿಂತೆ. ಎಲ್ಲರಿಗೂ ಬಡಿಸಿ ಒಬ್ಬರನ್ನು ಬಿಡಲು ಕೈ ಒಪ್ಪುವುದಿಲ್ಲ. ನಿಮ್ಮ ಅವ್ವ ಕೆಳಗಿನಿಂದ ಕೂಗಿದಳು: "ಅದರ ಪಾಲು ಗ್ವಾಡಿ ಮ್ಯಾಲ ಇಡ್ರಿ ಅತ್ತಿ, ಕಾಗಿ ತಿಂತಾವ." ಇಟ್ಟೆ. ಇಟ್ಟು ಮೆಟ್ಟಿಲಿಳಿಯುವಾಗ ಎರಡು ಸಲ ತಿರುಗಿ ನೋಡಿದೆ. ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ತಿಳಿದಿಲ್ಲ. ಹೊಟ್ಟೆಗೆ ಹಾಕದೆ ಒಂದು ಜೀವವನ್ನು ನೋಡಿಕೊಳ್ಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಈಗ ಆ ಗಿಡದ ತುದಿಯಲ್ಲಿ ಏನೋ ಉಬ್ಬಿದೆ. ನಿಮ್ಮ ಅವ್ವ ಮೊಗ್ಗು ಅನ್ನುತ್ತಾಳೆ, ಬೀಬಿ ರೋಗ ಅನ್ನುತ್ತಾಳೆ. ನನಗಂತೂ ಗೊತ್ತಾಗುವುದಿಲ್ಲ. ನೀವು ಮುಟ್ಟಬೇಡಿ. ಮುಂಜಾನೆ ಅದಕ್ಕೆ ಒಂದು ಚೊಂಬು ನೀರು ನಾನೇ ಹಾಕುತ್ತೇನೆ; ಆ ಕೆಲಸ ನನ್ನದು.