ತಿರುಗುವ ಚಕ್ರಕ್ಕೆ ಒಂದು ಬೊಟ್ಟು ಕುಂಕುಮ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಕಾರು ಐ-15 ಹೆದ್ದಾರಿಯ ನಟ್ಟನಡುವೆ ಕೆಟ್ಟು ನಿಲ್ಲಲಿ.

ಸ್ಯಾನ್ ಡಿಯಾಗೊದ ಉತ್ತರಕ್ಕೆ, ಗುಡ್ಡಗಳ ನಡುವೆ ಒಂದು ಕ್ಯಾಸಿನೊ. ಈಗಷ್ಟೇ ಬೆಳಕು ಹರಿಯುತ್ತಿದೆ. ಹಿಂಬದಿಯ ವರ್ಕ್‌ಶಾಪಿನಲ್ಲಿ ಕರುಣಾಕರ ಅವರು ರೂಲೆಟ್ ಎಂಬ ಜೂಜಿನ ಚಕ್ರದ ಅಂಚಿಗೆ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬರುವುದನ್ನೇ ಕಾಯುತ್ತಾರೆ. ಚಕ್ರ ಆಟಕ್ಕೆ ಹೋಗುವುದಿಲ್ಲ. ವಿಚಾರಣೆಗೆಂದು ಅದನ್ನು ಇಲ್ಲಿ ತಂದಿಟ್ಟಿದ್ದಾರೆ. ಚಕ್ರ ಉಳಿಯುತ್ತದೋ, ಇವರ ಕೆಲಸ ಉಳಿಯುತ್ತದೋ, ಎರಡೂ ಇವತ್ತು ಬೆಳಿಗ್ಗೆಯೇ ತೀರ್ಮಾನ.

"ಹೋಗುವ ಚಕ್ರವಾದ್ರೂ ಓರೆ ಇರ್ಲಿಕ್ಕಾಗದಲ್ವಾ?" ಎನ್ನುತ್ತಾರೆ.

ಉಡುಪಿಯ ಬಸ್ ಗ್ಯಾರೇಜಿನಲ್ಲಿ ಗಾಲಿ ಸರಿಮಾಡುತ್ತಿದ್ದವರು ಇವರು. ನರ್ಸ್ ಕೆಲಸ ಸಿಕ್ಕ ಹೆಂಡತಿ ಉಮಾವತಿಯವರ ಜೊತೆ ಲಾಸ್ ಏಂಜಲೀಸಿಗೆ ಬಂದು, ಇಸ್ಪೀಟು ಕ್ಲಬ್ಬಿನ ಮೇಜುಗಳಿಗೆ ಹಸಿರು ಬಟ್ಟೆ ಹೊಡೆದರು. ಅಲ್ಲಿಂದ ಈ ಚಕ್ರ ನೋಡಿಕೊಳ್ಳುವ ಕೆಲಸಕ್ಕೆ. ಕೋವಿಡ್‌ನಲ್ಲಿ ಕ್ಯಾಸಿನೊ ಬಾಗಿಲು ಹಾಕಿದಾಗ, ಬೇರಿಂಗ್ ಹಿಡಿದುಕೊಳ್ಳಬಾರದೆಂದು ಖಾಲಿ ಹಾಲ್‌ನಲ್ಲಿ ಒಬ್ಬರೇ ಅದನ್ನು ತಿರುಗಿಸಿದರು. ಆಗ ಪ್ರತಿ ಸಲ ನಾನೇ ಗೆಲ್ಲುತ್ತಿದ್ದೆ ಎನ್ನುತ್ತಾರೆ. ಸೋಲಲು ಬೇರೆ ಯಾರೂ ಇರಲಿಲ್ಲ.

ಚಕ್ರದ ಹುಟ್ಟನ್ನು ಕೇಳಿದರೆ ಕೆಲಸ ನಿಲ್ಲಿಸುತ್ತಾರೆ.

"ಫ್ರಾನ್ಸಿನಲ್ಲಿ ಪ್ಯಾಸ್ಕಲ್ ಅಂತ ಒಬ್ಬ ಲೆಕ್ಕದವ. ನಿಲ್ಲದೆ ತಿರುಗುವ ಯಂತ್ರ ಮಾಡ್ಲಿಕ್ಕೆ ಹೊರಟದ್ದು ಮಾರಾಯ್ರೆ. ಆಗ್ಲಿಲ್ಲ, ನಿಂತೇ ಹೋಯ್ತು. ನಿಂತದ್ದಕ್ಕೇ ಆಟ ಹುಟ್ಟಿದ್ದು. ನಿಲ್ಲದಿದ್ರೆ ಗೆದ್ದದ್ದು ಯಾರು ಅಂತ ಗೊತ್ತಾಗುದು ಹೇಗೆ?"

ಇದು ಬರೀ ದಂತಕಥೆ ಎನ್ನುವವರಿದ್ದಾರೆ. ಪ್ಯಾರಿಸ್ಸಿನಲ್ಲಿ ಆಟ ಈಗಿನ ರೂಪಕ್ಕೆ ಬಂದದ್ದು, ಆಮೇಲೆ ಜರ್ಮನಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಕ್ಯಾಸಿನೊಗೆ ಲಾಭ ತರುವ ಸೊನ್ನೆಯ ಮನೆ ಒಂದೇ ಇರುವ ಚಕ್ರ ತಂದದ್ದು, ಅಮೆರಿಕದವರು ಎರಡು ಸೊನ್ನೆ ಉಳಿಸಿಕೊಂಡದ್ದು ಮಾತ್ರ ನಿಜ. ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿನ ಕಾನೂನಿನಂತೆ ಚಕ್ರದಲ್ಲಿ ಓಡಿಬಿಟ್ಟ ಗುಂಡು ಯಾವ ಅಂಕಿಗೆ ಬೀಳುತ್ತದೆ ಎಂಬುದೊಂದೇ ಗೆಲುವನ್ನು ತೀರ್ಮಾನಿಸುವಂತಿಲ್ಲ. ಹಾಗಾಗಿ ಈ ಕ್ಯಾಸಿನೊದಲ್ಲಿ ಇಸ್ಪೀಟು ಎಲೆ ಹೇಳಿದ ಅಂಕಿಯೇ ಗೆಲ್ಲುತ್ತದೆ; ಚಕ್ರ ತಿರುಗುವುದು ನೋಡುವವರ ಖುಷಿಗೆ. ಕರುಣಾಕರ ಇಷ್ಟು ವರ್ಷ ಕೂದಲೆಳೆಯಷ್ಟೂ ಓರೆಯಾಗದಂತೆ ಕಾಪಾಡಿದ್ದು, ಏನನ್ನೂ ತೀರ್ಮಾನಿಸದ ಒಂದು ಗುಂಡಿನ ದಾರಿಯನ್ನು.

ಎಡವಟ್ಟಾದದ್ದು ಆಯುಧಪೂಜೆಯ ದಿನ. ರೂಢಿಯಂತೆ ಚಕ್ರದ ನೆತ್ತಿಗೆ ಒಂದು ಬೊಟ್ಟು ಕುಂಕುಮ ಇಟ್ಟು ಕೈಮುಗಿದರು. ಚಕ್ರ ತಿರುಗಿತು, ಕುಂಕುಮ ಉದುರಿತು, ಬಿಳಿ ಗುಂಡು ಮದುವೆಮನೆಯಿಂದ ಬಂದಂತೆ ಕೆಂಪಾಗಿ ಓಡಿತು. ಮೇಲಿನ ಕ್ಯಾಮೆರಾ ನೋಡಿತು. ಗುರುತು ಹಾಕಿ ಮೋಸ ಮಾಡುವ ಯತ್ನ ಎಂದು ಆರೋಪ ಬಂತು.

ಒಂಬತ್ತಕ್ಕೆ ವಿಚಾರಣಾ ಅಧಿಕಾರಿ ಆರತಿ ಒಳಗೆ ಬರುತ್ತಾರೆ. ಬೆಂಗಳೂರಿನವರು, ಮನೆ ಸ್ಯಾನ್ ಡಿಯಾಗೊದ ರಾಂಚೊ ಬರ್ನಾರ್ಡೊ ಬಡಾವಣೆಯಲ್ಲಿ.

"ಅಂಕಲ್, ನಾನೂ ಅವತ್ತು ಟಯರ್ ಕೆಳಗೆ ನಿಂಬೆಹಣ್ಣು ಇಟ್ಟೆ. ಆದ್ರೆ ಅದು ನನ್ನ ಕಾರು."

"ಮೋಸ ಮಾಡ್ಲಿಕ್ಕೆ ಎಂತ ಉಂಟು ಮೇಡಂ? ಗೆಲ್ಲಿಸುದು ಎಲೆ!"

"ವರದಿಯಲ್ಲಿ ಅದನ್ನೂ ಬರೆದೆ. ಮೇಲಿನವ್ರು ಒಪ್ಲಿಲ್ಲ. ಬ್ಯಾಡ್ಜ್ ಕೊಟ್ಬಿಡಿ. ನಾಳೆಯಿಂದ ಚಕ್ರದ ಜಾಗಕ್ಕೆ ಸ್ಕ್ರೀನ್."

ಕರುಣಾಕರ ಬ್ಯಾಡ್ಜ್ ಬಿಚ್ಚುತ್ತಾರೆ. ಪಿನ್ನು ಅಂಗಿಗೆ ಸಿಕ್ಕಿಕೊಂಡು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆರತಿ ಗೋಡೆ ನೋಡುತ್ತಾರೆ.

"ಒಂದೇ ಒಂದು ಆಸೆ ಮೇಡಂ. ಒಂದು ಸಲ, ಎಲೆ ಇಲ್ಲದೆ, ಗುಂಡು ಬಿದ್ದದ್ದೇ ಲೆಕ್ಕ. ಯಾರಾದ್ರೂ ನೋಡ್ಬೇಕು, ಅಷ್ಟೆ."

ಉತ್ತರಕ್ಕೆ ಕಾಯದೆ ಗುಂಡನ್ನು ಅಂಗಿಯ ತುದಿಗೆ ಒರೆಸಿ ಬಿಡುತ್ತಾರೆ. ಅದು ಸದ್ದೇ ಇಲ್ಲದೆ ಓಡುತ್ತದೆ. ಆರತಿಯವರ ಫೋನು ಹೊಡೆದುಕೊಳ್ಳುತ್ತದೆ; ಅವರು ಬಾಗಿಲ ಕಡೆ ತಿರುಗುತ್ತಾರೆ.

"ಹದಿನೇಳಕ್ಕೆ ಬೀಳ್ತದೆ ನೋಡಿ. ಬೀಳದಿದ್ರೂ ಸರಿ, ಬಿದ್ದದ್ದೇ ಸತ್ಯ. ನಿಧಾನ ಆಯ್ತು... ಮೇಡಂ, ಒಂದು ನಿಮಿಷ ನಿಲ್ಲಿ, ಅದು ಈಗ ನಿಲ್ತದೆ, ಅದು ನಿಂತ ಮೇಲೆ ನಾನು—"